ಚಕ್ರಕ್ಕೆ ಕೊಟ್ಟ ಮೇಟಿ

ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೊರಟುಹೋಗಿದ್ದರು. ಗಂಡನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅದು; ಅಳುವುದಕ್ಕೆ ಜೊತೆಯಿಲ್ಲದ ಮೊದಲ ಬೆಳಿಗ್ಗೆ. ಶಿಕಾರಿಪುರದ ಚಿಕ್ಕಮ್ಮನ ಮನೆಯಲ್ಲಿ ಮಲಗಿದ್ದ ನೀಲಾಂಬಿಕ ಬೆಳಕು ಹರಿಯುತ್ತಲೇ ಎದ್ದು, ಸಂತೆ ಮಾಳದಲ್ಲಿ ನಿಂತಿದ್ದ ವ್ಯಾನಿಗೆ ಬಂದು ಹಿಂಬಾಗಿಲು ತೆಗೆದು ಕೂತಳು. ಹಾಲಿನವಳು ಎಂದಿನಂತೆ ಅರ್ಧ ಸೇರು ಅಳೆದು ಒಂದು ಮಾತೂ ಆಡದೆ ಹೋದಳು. ಈ ಮೂರು ದಿನದಲ್ಲಿ ಸಮಾಧಾನ ಹೇಳದವಳು ಅವಳೊಬ್ಬಳೇ. ನೀಲಾಂಬಿಕಳಿಗೆ ಅವಳ ಮೇಲೆ ವಿಶ್ವಾಸ ಹುಟ್ಟಿತು.

ಎರಡು ವರ್ಷದಿಂದ ಆ ವ್ಯಾನೇ ಮನೆ. ಯುದ್ಧದ ಕಾಲದ ಹಳೆಯ ಮಿಲಿಟರಿ ಗಾಡಿ. ಒಳಗೆ ಹಲಗೆಯ ಮಂಚ, ಸ್ಟೌ, ಕನ್ನಡಕದ ಗಾಜುಗಳ ಪೆಟ್ಟಿಗೆ. ಗಂಡ ಶಿವಮೂರ್ತಪ್ಪ ಊರೂರು ಸುತ್ತಿ ಕಣ್ಣು ನೋಡಿ ಕನ್ನಡಕ ಕೊಡುತ್ತಿದ್ದ. ಮೈಸೂರಿನಲ್ಲಿ ಬಿ.ಎ. ಮುಗಿಸಿದ ಹೆಂಡತಿ, ಓದು ಬಾರದವರಿಗೆಂದು ಅಕ್ಷರಗಳ ಬದಲು ಎತ್ತು, ಕೊಡ, ಹುಂಜಗಳ ಚಿತ್ರ ಬರೆದುಕೊಟ್ಟಿದ್ದಳು. ಹಗಲು ಹೇಗೋ ಕಳೆಯುತ್ತಿತ್ತು. ಕಷ್ಟವೆಲ್ಲ ಸಂಜೆಯದು. ಈ ರಾತ್ರಿ ಗಾಡಿ ಎಲ್ಲಿ ನಿಲ್ಲಿಸುವುದು? ಗುಡಿಯ ಮುಂದೆ ಬೇಡ, ಬಾವಿಯ ಹತ್ತಿರ ಬೇಡ, ಗೌಡರ ಬಾಗಿಲಿಗೆ ಎದುರಾಗಿ ಬೇಡ. ಅವನು ಊರು ಹೊಕ್ಕೊಡನೆ ಕಣ್ಣು ಮಂಜಾದ ಹಿರಿಯರೊಬ್ಬರನ್ನು ಹುಡುಕಿ, ಮೂಗಿಗೊಂದು ಕನ್ನಡಕ ಏರಿಸಿ, ಅವರು ಮೊಮ್ಮಗಳ ಮುಖ ನೋಡಿ ಬೆರಗಾಗುವ ಹೊತ್ತಿಗೆ ಸರಿಯಾಗಿ ಜಾಗ ಕೇಳುತ್ತಿದ್ದ.

ಕಾರ್ತಿಕದಲ್ಲಿ ಅಂಬ್ಲಿಗೊಳದ ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕು ಕೈಕೊಟ್ಟಿತು. ಅಲ್ಲಿಂದಾಚೆ ಗಾಡಿ ನಿಲ್ಲಿಸುವುದು ಇಬ್ಬರ ಕೆಲಸವಾಯಿತು. ಅವನು ಕಾಲಲ್ಲಿ ಬ್ರೇಕು ಒತ್ತಿ ಕೂರಬೇಕು. ಅವಳು ಇಳಿದು, ಹಿಂದಿನ ಎರಡೂ ಚಕ್ರಕ್ಕೆ ಅಡ್ಡಲಾಗಿ ಒಂದು ಮರದ ದಿಮ್ಮಿ ಉರುಳಿಸಿ ಇಡಬೇಕು. ದಿಮ್ಮಿ ಕುಪ್ಪಗಡ್ಡೆಯಲ್ಲಿ ಒಂದು ಮನೆಯಿಂದ ಎರವಲು ತಂದದ್ದು.

“ಅಕ್ಕಾರೆ, ಹಿಂಗ್ ಹೇಳಾಕೆ ನಾಲಿಗೆ ಬರವಲ್ದು,” ಎಂದ ಮಾಳದ ಕಾವಲಿನ ಹನುಮಂತಪ್ಪ, ಎದುರಿಗೆ ಬಂದು ನಿಂತು. “ನಾಳೆ ಸಂತೆ ಐತ್ರಿ. ಮೆಣಸಿನಕಾಯಿ ಸಾಲು ಇಲ್ಲೇ ಬರ್ಬೇಕು. ಗಾಡಿ ತೆಗೀಬೇಕಾಗ್ತೈತಿ.”

“ಅಣ್ಣ ಮುಂದಿನ ವಾರ ಡ್ರೈವರನ್ನ ಕರಕೊಂಡು ಬರ್ತಾರೆ.”

“ಮೆಣಸಿನಕಾಯೋರು ಮುಂದಿನ ವಾರದ ತನಕ ಎಲ್ಲಿ ಕಾಯ್ತಾರ್ರೀ?”

ಆನವಟ್ಟಿ ಬಸ್ಸಿನ ಕಂಡಕ್ಟರ್ ಹುಚ್ಚರಾಯಪ್ಪ ಬಂದದ್ದು ಅದೇ ಹೊತ್ತಿಗೆ. ಅವನಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. “ಡಾಕ್ಟ್ರಿಲ್ವೇನ್ರೀ? ಕುಪ್ಪಗಡ್ಡೆ ಬಂಗಾರಮ್ಮ ಹೇಳಿ ಕಳ್ಸ್ಯಾಳೆ. ಮೇಟಿ ಒಯ್ದೋರು ಕೊಡ್ಲೇ ಇಲ್ಲಂತೆ. ನಾಳೆ ಹೊತ್ತು ಏರೋದರೊಳಗೆ ಕಣಕ್ಕೆ ಮೇಟಿ ನೆಡಬೇಕಂತೆ. ಕನ್ನಡಕದೋನು ಕಳ್ಳ ಅಂತ ಊರೆಲ್ಲ ಸಾರ್ತಾ ಅವಳೆ ಆಯಮ್ಮ.” ಹನುಮಂತಪ್ಪ ಕಣ್ಸನ್ನೆ ಮಾಡಿದ. ಹುಚ್ಚರಾಯಪ್ಪ ತಬ್ಬಿಬ್ಬಾಗಿ ಟೋಪಿ ತೆಗೆದ.

“ಮೇಟಿ ಅಂದರೆ?” ಎಂದಳು ನೀಲಾಂಬಿಕ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಕಣದ ನಡುವೆ ನೆಡುವ ಕಂಬ, ಒಕ್ಕಲು ಮಾಡುವಾಗ ಎತ್ತುಗಳು ಅದರ ಸುತ್ತ ತಿರುಗುತ್ತವೆ, ಕಣ ಹಿಡಿಯುವ ದಿನ ಪೂಜೆಯೂ ಅದಕ್ಕೇ ಎಂದು ಹುಚ್ಚರಾಯಪ್ಪ ಹೇಳಿದ. ಅವಳು ಬಗ್ಗಿ ಚಕ್ರದ ಕೆಳಗೆ ನೋಡಿದಳು. ಹುಚ್ಚರಾಯಪ್ಪನೂ ಬಗ್ಗಿ, ಅಲ್ಲಿದ್ದದ್ದು ಮೇಟಿಯೇ ಎಂದು ಕಂಡು ನಾಲಿಗೆ ಕಚ್ಚಿಕೊಂಡ.

ಆ ದಿನ ನೆನಪಾಯಿತು. ಕುಪ್ಪಗಡ್ಡೆಯ ಹಿತ್ತಿಲಲ್ಲಿ ದಿಮ್ಮಿ ಒರಗಿಸಿತ್ತು. ಮನೆಯಲ್ಲಿದ್ದವಳು ಬಂಗಾರಮ್ಮನ ಅತ್ತೆ ಗುಡ್ಡಮ್ಮ ಒಬ್ಬಳೇ. ಕಣ್ಣಿಗೆ ಪೊರೆ ಬಂದ ಮುದುಕಿ. ಈ ಮರ ಎರಡು ದಿನಕ್ಕೆ ಒಯ್ಯಲೇ ಅಜ್ಜಿ ಎಂದಿದ್ದ ಶಿವಮೂರ್ತಪ್ಪ. ಒಯ್ಯಪ್ಪ, ಎಂಥ ಮರವೋ ಎಂದಿದ್ದಳು. ದಾವಣಗೆರೆ ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಅದೇನೆಂದು ಗೊತ್ತಿರಲಿಲ್ಲ, ಮುದುಕಿಗೆ ಕಾಣಲಿಲ್ಲ. ಎರಡು ದಿನ ಹೋಗಿ ಎರಡು ತಿಂಗಳಾಯಿತು.

“ನಿಮ್ಮ ಬಸ್ಸಿನ ಮೇಲೆ ಹಾಕಿ ಕಳಿಸಲಾ?”

“ಬ್ಯಾಡ್ರೀ. ಕಣದ ಸಾಮಾನು ಒಯ್ದ ಮನೆಯೋರ ಕೈಯಿಂದ್ಲೇ ವಾಪಸ್ ಬರ್ಬೇಕು. ಕೋಳಿ ಬುಟ್ಟಿ ಜೊತೆ ನಾ ಹೊತ್ಕೊಂಡು ಹೋದ್ರೆ ಆಯಮ್ಮ ನನ್ನೂ ಕಳ್ಳ ಅಂತಾಳೆ.”

ಅವಳು ಬಹಳ ಯೋಚಿಸಲಿಲ್ಲ. ಯೋಚಿಸುವ ಶಕ್ತಿಯೂ ಇರಲಿಲ್ಲ. ಅಣ್ಣ ಬರಬೇಕು, ವ್ಯಾನು ಮಾರಬೇಕು, ತವರಿಗೆ ಹೋಗಬೇಕು. ಅದರಲ್ಲಿ ಯಾವುದೂ ತನ್ನದೆನಿಸಲಿಲ್ಲ. ಅವನನ್ನು ಯಾರೋ ಕಳ್ಳನೆಂದರು ಎಂಬುದು ಮಾತ್ರ ತನ್ನದೆನಿಸಿತು. ಸ್ಟೀರಿಂಗ್ ಹಿಡಿಯುವುದನ್ನು ಅವನೇ ಕಲಿಸಿದ್ದ. ಮುಂದಕ್ಕೆ ಓಡಿಸುವುದು ಬರುತ್ತಿತ್ತು. ರಿವರ್ಸ್ ಕಲಿಸುವ ಮೊದಲೇ ಜ್ವರ ಬಂದಿತ್ತು.

ಚಿಕ್ಕಮ್ಮ ಬಾಯಿಗೆ ಸೆರಗು ಇಟ್ಟುಕೊಂಡು, ಜನ ಏನೆಂದಾರು ಎಂದಳು. ಏನೆನ್ನುತ್ತಾರೋ ನೀಲಾಂಬಿಕಳಿಗೂ ತಿಳಿಯದು. ಹನುಮಂತಪ್ಪ, ಹುಚ್ಚರಾಯಪ್ಪ ಇಬ್ಬರೂ ದಿಮ್ಮಿ ಎಳೆದು ವ್ಯಾನಿನೊಳಗೆ ಹಾಕಿದರು. ಗಾಡಿ ಎರಡನೇ ಗೇರಿನಲ್ಲಿ ನರಳುತ್ತ ಹೊರಟಿತು.

ಶಿರಾಳಕೊಪ್ಪದಲ್ಲಿ ಇಂಜಿನ್ ಕಾದು ಹೊಗೆಯಾಡಿತು. ಅದು ತಣ್ಣಗಾಗುವ ತನಕ ಅವಳು ಗಾಡಿ ಉರುಳದಂತೆ ರಸ್ತೆ ಬದಿಯ ಚರಂಡಿಗೆ ಮುಂದಿನ ಚಕ್ರ ಇಳಿಸಿಕೊಂಡು, ಎಲೆಯಡಿಕೆ ಅಂಗಡಿಯವನು ಕೊಟ್ಟ ನೀರು ಕುಡಿದು ಕೂತಳು. ಆಮೇಲೆ ಚಕ್ರ ಮೇಲೆತ್ತಲು ಎಂಟು ಜನ ಬೇಕಾದರು. ಆನವಟ್ಟಿ ತಲುಪಿದಾಗ ದೀಪ ಹಚ್ಚುವ ಹೊತ್ತು. ಹೆಡ್‌ಲೈಟ್ ಒಂದೇ ಇತ್ತು. ಕುಪ್ಪಗಡ್ಡೆಗೆ ಕತ್ತಲಲ್ಲಿ ಹೋಗುವಂತಿರಲಿಲ್ಲ.

ಅಕ್ಕಿ ಗಿರಣಿಯ ಮುಂದೆ ಸಮತಟ್ಟು ಜಾಗವಿತ್ತು. ಭತ್ತದ ಗಾಡಿಗಳು ಬರುತ್ತವೆ ಎಂದರು ಗಿರಣಿಯವರು. ಗುಡಿಯ ಬಯಲಿಗೆ ಹೋದಾಗ ಪೂಜಾರಿ ಮೆತ್ತಗೆ ಕೇಳಿದ, “ಮನೆಯಲ್ಲಿ ಏನೋ ಆಗಿದೆ ಅಂತ ಕೇಳಿದೆ. ಎಷ್ಟು ದಿನ ಆಯ್ತಮ್ಮಾ?”

“ಮೂರು. ನಮ್ಮಲ್ಲಿ ಸೂತಕ ಹಿಡಿಯೋದಿಲ್ಲ.”

“ನಿಮಗಿಲ್ಲ ಸರಿ. ನಮಗದೆಯಲ್ಲ.”

ಅವಳು ಗಾಡಿಯನ್ನು ಮುಂದಿನ ಓಣಿಗೆ ತಿರುಗಿಸಿದಳು. ಓಣಿ ದನದ ತೊಟ್ಟಿಯ ಎದುರು ಮುಗಿಯಿತು. ಹಿಂದಕ್ಕೆ ತೆಗೆಯಲು ಬಾರದು. ಹಾರ್ನೂ ಹೊಡೆಯಲಿಲ್ಲ, ಕರೆಯಲೂ ಇಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಕೂತಳು. ಹೋದ ತಿಂಗಳಾಗಿದ್ದರೆ ಅವನು ಇಷ್ಟು ಹೊತ್ತಿಗೆ ಆ ತೊಟ್ಟಿಯ ಯಜಮಾನನ ಅಜ್ಜನನ್ನು ಹುಡುಕಿಕೊಂಡು ಹೊರಟಿರುತ್ತಿದ್ದ. ಜನ ಸೇರಿದರು.

“ಲೇ, ಹೆಣ್ಮಗಳು ಮೋಟಾರು ಹೊಡೀತಾಳೋ!”

“ಹೊಡೆದ್ಲು, ತೊಟ್ಟಿಗೆ ಬಂದು ನಿಂತ್ಲು. ನಿಮ್ಮಪ್ಪನೂ ಮೊದ್ಲು ಹಂಗೇ ಗಾಡಿ ಹೊಡೆದದ್ದು.”

ಗದರಿದವಳು ಓಣಿಯ ಬಾಯಿಯಲ್ಲಿ ಎತ್ತಿನ ಗಾಡಿಗಳು ತಂಗುವ ಜಾಗ ನೋಡಿಕೊಳ್ಳುವ ಲೋಕಮ್ಮ. ನಗುತ್ತಿದ್ದವರನ್ನೇ ಹಿಡಿದು ವ್ಯಾನನ್ನು ಹಿಂದಕ್ಕೆ ತಳ್ಳಿಸಿದಳು. “ನಮ್ಮಲ್ಲೇ ನಿಲ್ಸು ತಂಗಿ. ಗಾಡಿ ಅಂದ್ರೆ ಗಾಡಿ. ಎತ್ತಿಲ್ಲ, ಹುಲ್ಲು ಉಳೀತು.”

“ಸ್ವಲ್ಪ ಇಳಿಜಾರಿದೆ ಅಕ್ಕಾ. ನಾನು ಕಾಲು ತೆಗೆದರೆ ಉರುಳುತ್ತೆ. ಒಳಗೊಂದು ಮರ ಇದೆ, ಅದನ್ನ ಚಕ್ರಕ್ಕೆ...” ಮಾತು ಅಲ್ಲೇ ನಿಂತಿತು. ಎರಡು ತಿಂಗಳು ಪ್ರತಿ ಸಂಜೆ ಅವನು ಕೂತಲ್ಲಿಂದ ಕೂಗಿ ಹೇಳುತ್ತಿದ್ದ ಮಾತು ಅದು.

ಲೋಕಮ್ಮ ಲಾಟೀನು ಹಿಡಿದು ಒಳಗಿಣುಕಿದಳು. “ಅಯ್ಯೋ ನನ್ ಶಿವನೇ! ಇದು ಮೇಟಿ ಅಲ್ವೇನೆ? ಇದನ್ನ ಚಕ್ರದ ಬುಡಕ್ಕೆ ಹಾಕಾದಾ?” ಎಂದು, ಗಾಡಿಗಳ ಗಾಲಿಗೆ ಕೊಡುವ ಕಲ್ಲು ತರಿಸಿ ಕೊಡಿಸಿದಳು. ದಿಮ್ಮಿಯನ್ನು ಇಳಿಸಿ ಗೋಡೆಗೆ ನೆಟ್ಟಗೆ ನಿಲ್ಲಿಸಿ, ತೊಳೆದಳು. ಮಣ್ಣು ಹೋಯಿತು; ಟೈರಿನ ಗೆರೆ ಹೋಗಲಿಲ್ಲ. ಎರಡು ಕಡೆ ಕರ್ರಗೆ ಒತ್ತಿಕೊಂಡಿತ್ತು. ನೀಲಾಂಬಿಕ ನಡೆದದ್ದೆಲ್ಲ ಹೇಳಿದಳು. ನಾಲ್ಕು ಮಾತಿನಲ್ಲಿ ಮುಗಿಯಿತು.

“ನಾನೊಂದು ಹೇಳ್ತೀನಿ ಕೇಳು,” ಎಂದಳು ಲೋಕಮ್ಮ, ರೊಟ್ಟಿ ಮುಂದಿಡುತ್ತ. “ಚಕ್ರದ ಬುಡದಲ್ಲಿತ್ತು ಅಂತ ಬಾಯಿ ಬಿಡಬ್ಯಾಡ. ತಂದ ಮರವ ಅವರು ಮುಟ್ಟದೆ ಹೋದ್ರೆ ಏನ್ ಮಾಡ್ತಿ? ಗೆರೆಗೆ ಅರಿಶಿನ ಬಳಿ. ಪೂಜೆ ಮಾಡಿ ಇಟ್ಟಿದ್ವಿ ಅನ್ನು. ಸತ್ತೋರ ಹೆಸರೂ ಉಳೀತದೆ.”

ಬೆಳಿಗ್ಗೆ ದಿಮ್ಮಿಯನ್ನು ಮತ್ತೆ ವ್ಯಾನಿಗೆ ಹಾಕಿಸಿ, ಲೋಕಮ್ಮ ಕೊಟ್ಟ ಅರಿಶಿನದ ಪೊಟ್ಟಣ ಸೀಟಿನ ಮೇಲಿಟ್ಟುಕೊಂಡು ಅವಳು ಹೊರಟಳು. ಕುಪ್ಪಗಡ್ಡೆಯ ದಾರಿಯುದ್ದಕ್ಕೂ ಕೊಯ್ದ ಗದ್ದೆಗಳು. ಎಲ್ಲಾದರೂ ನಿಲ್ಲಿಸಿ ಬಳಿಯಬೇಕೆಂದರೆ ನಿಲ್ಲಿಸಲು ಇನ್ನೊಬ್ಬರು ಬೇಕು. ಆದರೆ ಅವಳು ಬಳಿಯದೆ ಬಂದದ್ದು ಅದಕ್ಕಲ್ಲ. ಅವನು ಗೊತ್ತಿಲ್ಲದೆ ಮಾಡಿದ್ದ. ತಾನು ಗೊತ್ತಿದ್ದು ಬಳಿದರೆ ಅಲ್ಲಿಗೆ ಕದ್ದದ್ದೇ ಆಗುತ್ತದೆ.

ಕಣ ಊರ ಹೊರಗೆ, ದಿಬ್ಬದ ಮೇಲಿತ್ತು; ಅದರ ಏರಿನಲ್ಲೇ ಅವಳು ಗಾಡಿ ನಿಲ್ಲಿಸಿದಳು. ಕಣ ಸಗಣಿ ಬಳಿದು ಹಸಿರು ಹೊಳೆಯುತ್ತಿತ್ತು. ನಡುವೆ ಒಂದು ಕುಳಿ ಖಾಲಿ ಬಿಟ್ಟಿದ್ದರು. ಮಗ್ಗುಲಲ್ಲಿ ಆಗಷ್ಟೇ ಕಡಿದು ತಂದ ಹಸಿ ಮರವೊಂದು ಬಿದ್ದಿತ್ತು. ಅದರ ತೊಗಟೆ ಕೆತ್ತುತ್ತಿದ್ದ ಮಾಸ್ತಪ್ಪ, ಬಂಗಾರಮ್ಮನ ಗಂಡ, ಕೊಡಲಿ ಕೆಳಗಿಟ್ಟು ನೋಡಿದ.

“ಬಂದ್ರಾ? ಈಗ ನೆನಪಾಯ್ತಾ?” ಎಂದು ಏರುದನಿಯಲ್ಲೇ ಬಂದ ಬಂಗಾರಮ್ಮ ಸ್ಟೀರಿಂಗ್ ಹಿಂದೆ ಕೂತವಳನ್ನೂ, ಅವಳ ಬರಿಹಣೆಯನ್ನೂ ಕಂಡು ದನಿ ತಗ್ಗಿಸಿದಳು. “ಡಾಕ್ಟ್ರು ಎಲ್ಲಿ?”

“ತೀರಿಕೊಂಡರು. ಮರ ಒಳಗಿದೆ.” ಅವಳ ಕಾಲು ಬ್ರೇಕಿನ ಮೇಲಿತ್ತು. “ಅದು ಮೇಟಿ ಅಂತ ಅವರಿಗೆ ಗೊತ್ತಿರಲಿಲ್ಲ. ಎರಡು ತಿಂಗಳು ಚಕ್ರದ ಕೆಳಗಿತ್ತು. ಗುರುತೂ ಇದೆ. ಬೇಡ ಅಂದರೆ ಬೇಡ ಅನ್ನಿ.”

ಬಂಗಾರಮ್ಮ ಗಂಡನ ಮುಖ ನೋಡಿದಳು. ಮಾಸ್ತಪ್ಪ ಹಸಿ ಮರದ ಕಡೆ ನೋಡಿದ. ಯಾರಾದರೂ ಒಬ್ಬರು ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಕಣದ ಅಂಚಿಗೆ ಕೂತಿದ್ದ ಗುಡ್ಡಮ್ಮ ಎದ್ದು, ಕೈ ಮುಂದೆ ಚಾಚಿ, ದನಿ ಬಂದ ದಿಕ್ಕಿಗೆ ನಡೆದು ವ್ಯಾನಿನ ಬಾಗಿಲು ಹಿಡಿದಳು.

“ಕೊಟ್ಟೋಳು ನಾನು. ನೀವು ಗದ್ದೆಗೆ ಹೋಗಿದ್ರಿ. ಆ ಹುಡ್ಗ ಕೇಳ್ದ, ಕೊಟ್ಟೆ. ಬಯ್ಯಾದಾದ್ರೆ ನನ್ನ ಬಯ್ಯಿ ಬಂಗಾರಿ. ಸತ್ತೋನ ಯಾಕೆ?” ಎಂದವಳು ಮಗನತ್ತ ತಿರುಗಿದಳು. “ತಗಾ ಮಾಸ್ತ. ನಿಮ್ಮಪ್ಪ ನೆಟ್ಟ ಮೇಟಿ. ಹಸಿ ಮರ ಹೊತ್ತು ಇಳಿಯೋದ್ರೊಳಗೆ ಸೀಳ್ತದೆ.”

“ಚಕ್ರದ ಕೆಳಗೆ ಇದ್ದದ್ದು ಅವ್ವಾ...”

“ಮೋಟಾರು ತಡೆದದ್ದು ನಿನ್ನ ನಾಕು ಎತ್ತು ತಡೆಯಲ್ವ? ತೊಳ್ದು ನೆಡು.”

ಮಾಸ್ತಪ್ಪ ಆಳೊಬ್ಬನನ್ನು ಕರೆದ. ಹಿಂಬಾಗಿಲು ತೆಗೆದ ಸದ್ದು, ಹಲಗೆಯ ಮೇಲೆ ಮರ ಜಾರಿದ ಸದ್ದು, ಗಾಡಿ ಒಮ್ಮೆ ಹಗುರಾಗಿ ಮೇಲೆದ್ದದ್ದು, ಎಲ್ಲ ಅವಳಿಗೆ ಬೆನ್ನಿನಿಂದಲೇ ತಿಳಿಯಿತು.

“ಇಳೀರಿ, ನಡೀರಿ ಮನೆಗೆ,” ಎಂದಳು ಬಂಗಾರಮ್ಮ, ಮುಖ ನೋಡದೆ. “ಉಂಡ್ಕೊಂಡು ಹೋಗಿ.”

“ಕಾಲು ತೆಗೆಯೋ ಹಾಗಿಲ್ಲ.”

ಬಂಗಾರಮ್ಮ ಅರ್ಥವಾಗದೆ ನಿಂತಳು. ಮೇಲೆ ಇಬ್ಬರು ಗಂಡಸರು ಮೇಟಿಯನ್ನು ಹೆಗಲಿಂದ ಇಳಿಸಿ, ನೀರು ಸುರಿದು, ಕುಳಿಗೆ ನಿಲ್ಲಿಸಿ, ಸುತ್ತ ಮಣ್ಣು ತುಳಿಯತೊಡಗಿದರು. ಅದು ನೆಟ್ಟಗಾಗುವ ತನಕ ನೀಲಾಂಬಿಕ ಬ್ರೇಕು ಒತ್ತಿ ಹಿಡಿದು ನೋಡುತ್ತಿದ್ದಳು.