ಎರಡು ಬೆರಳಿನ ಸನ್ನೆ

ವೈರನ್ನು ನೆಲಕ್ಕೆ ಒತ್ತಿ ಹಿಡಿದು, ಟೇಪನ್ನು ಹಲ್ಲಿನಿಂದ ಹರಿದು, ಗೇಣಿಗೊಂದರಂತೆ ಅಡ್ಡಕ್ಕೆ ಅಂಟಿಸುತ್ತ ಅವಳು ಕುಕ್ಕರಗಾಲಿನಲ್ಲೇ ವೇದಿಕೆಯ ಎಡಮೂಲೆಗೆ ಬಂದಿದ್ದಳು. ಇನ್ನೂ ಎರಡು ಮಾರು ವೈರು ಉಳಿದಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಡೋಲುಗಳ ಸದ್ದು ತಟ್ಟನೆ ನಿಂತಿತು. ಮರುಕ್ಷಣ ಚರ್ಮದ ಮೇಲೆ ಕೋಲು ಬಿದ್ದ ಸದ್ದು. ಡೋಲಿನ ಚರ್ಮವಲ್ಲ ಅದು. ಅಷ್ಟು ತಿಳಿಯಲು ಅವಳು ತಿರುಗಿ ನೋಡಬೇಕಾಗಿರಲಿಲ್ಲ.

"ಮೂರನೇ ಪೆಟ್ಟು ಎಲ್ಲೋ? ನಿಮ್ಮಪ್ಪ ನುಂಗಿದ್ನಾ?" ಡೋಲಿನ ಮೇಷ್ಟ್ರ ದನಿ. ಮತ್ತೆ ಅದೇ ಸದ್ದು.

ಉಳಿದ ಮಕ್ಕಳು ಕಿಸಕ್ಕನೆ ನಕ್ಕರು. ಏಟು ತಮಗೆ ಬೀಳಲಿಲ್ಲವಲ್ಲ ಎಂಬ ನಗು. ತಿಂದ ಹುಡುಗನೂ ಕತ್ತು ಉಜ್ಜಿಕೊಳ್ಳುತ್ತ ನಕ್ಕ. ಅವಳು ಇನ್ನೊಂದು ತುಂಡು ಟೇಪು ಹರಿದಳು.

ಸಭಾಂಗಣದಲ್ಲಿ ಅವಳನ್ನು ಎಲ್ಲರೂ ಮೈಕಕ್ಕ ಎನ್ನುತ್ತಿದ್ದರು. ಸ್ಪೀಕರು, ಮೈಕು, ಮಿಕ್ಸರು ಎಲ್ಲ ಅವಳವೇ. ಬಾಡಿಗೆಗೆ ಕೊಡಲೆಂದು ತಾನೇ ಹೊತ್ತು ತಂದು, ಜೋಡಿಸಿ, ತಾನೇ ನಡೆಸಿ, ತಾನೇ ಬಿಚ್ಚಿಕೊಂಡು ಹೋಗುವವಳು. ನೇರಪ್ರಸಾರ ಶುರುವಾದ ಮೇಲೆ ಎರಡು ಕ್ಯಾಮೆರಾಗಳೂ ಅವಳ ತಲೆಗೇ ಬಂದಿದ್ದವು. ಕೇಳುವುದು ಬಲಗಿವಿ ಒಂದೇ. ಎಡಗಿವಿಗೆ ಏನಾಯಿತೆಂದು ಕೇಳಿದವರಿಗೆ "ಮೆಟ್ಟಿಲಿಂದ ಬಿದ್ದೆ" ಎನ್ನುತ್ತಿದ್ದಳು. ಇಪ್ಪತ್ತಮೂರು ವರ್ಷ ಅದನ್ನೇ ಹೇಳಿ ಹೇಳಿ, ಬಿದ್ದ ಮೆಟ್ಟಿಲು ಯಾವುದೆಂಬುದೂ ಅವಳಿಗೆ ನೆನಪಾಗತೊಡಗಿತ್ತು.

ಬಾಗಿಲ ಬಳಿ ಹೊಸ ಪೋಸ್ಟರು ಅಂಟಿಸಿದ್ದರು. ಜಾನಪದ ಸಂಗೀತ ಕಛೇರಿಗಳು, ಐದು ಭಾನುವಾರ, ಐದು ಊರು. ದೋಣಿಯವರ ಹಾಡು, ಕುರಿ ಕಾಯುವವರ ಹಾಡು, ಕಲ್ಲು ಒಡೆಯುವವರ ಹಾಡು. ಸಭಾಂಗಣಕ್ಕೆ ಬನ್ನಿ, ಬರಲಾಗದಿದ್ದರೆ ಮನೆಯಲ್ಲೇ ಕೂತು ನೇರಪ್ರಸಾರ ನೋಡಿ. ಮೊದಲನೆಯದು ಇವತ್ತು ಮಧ್ಯಾಹ್ನ ಮೂರಕ್ಕೆ. ಉಳಿದ ನಾಲ್ಕಕ್ಕಾಗಿ ಆರು ಮಕ್ಕಳು ಬುಧವಾರ ಮೇಷ್ಟ್ರ ಜೊತೆ ವ್ಯಾನು ಹತ್ತಬೇಕು. ಒಂದು ತಿಂಗಳು ಅವರ ಜೊತೆಯೇ ಊಟ, ಅವರ ಜೊತೆಯೇ ವಾಸ. ಆರನೆಯವಳು ಅವಳ ತಮ್ಮನ ಮಗಳು. ಹದಿಮೂರು ತುಂಬಿದರೂ ಮೈಯಲ್ಲಿ ಮಾಂಸವಿಲ್ಲದ ಆ ಹುಡುಗಿಯನ್ನು ಮನೆಯವರೆಲ್ಲ ಕಡ್ಡಿ ಎಂದು ಕರೆಯುತ್ತಿದ್ದರು.

ಅಭ್ಯಾಸ ಮುಗಿದ ಮೇಲೆ ಕಡ್ಡಿ ಮಿಕ್ಸರಿನ ಮೇಜಿನ ಹತ್ತಿರ ಬಂದು ನಿಂತಳು. ಬಲಗೈಯನ್ನು ಲಂಗದ ಮಡಿಕೆಯಲ್ಲಿ ಹುದುಗಿಸಿಕೊಂಡಿದ್ದಳು.

"ಕೈ ತೋರ್ಸು."

"ಏನಿಲ್ಲ ಅತ್ತೆ."

"ಏನಿಲ್ದಿದ್ದನ್ನೇ ತೋರ್ಸು."

ಗೆಣ್ಣುಗಳು ಊದಿ ಹಣ್ಣಾಗಿದ್ದವು. ನಡುಬೆರಳ ಉಗುರು ಪೂರ್ತಿ ಕಪ್ಪಾಗಿತ್ತು.

"ಬಾಗಿಲಿಗೆ ಸಿಕ್ಕಾಕ್ಕೊಂಡ್ತು" ಎಂದಳು ಕಡ್ಡಿ, ಕಣ್ಣಿಗೆ ಕಣ್ಣು ಕೊಟ್ಟು, ಒಂದು ಚೂರೂ ತಡವರಿಸದೆ. ಅತ್ತೆಗೆ ಭಯವಾಯಿತು. ಸುಳ್ಳು ಹೇಳಿದ್ದಕ್ಕಲ್ಲ. ಅಷ್ಟು ಚೆನ್ನಾಗಿ ಹೇಳಿದ್ದಕ್ಕೆ.

ಹುಡುಗಿಯ ಅಪ್ಪ ಇಸ್ತ್ರಿ ಅಂಗಿ ತೊಟ್ಟುಕೊಂಡು ಎರಡಕ್ಕೇ ಬಂದುಬಿಟ್ಟಿದ್ದ. ಬಡಗಿ ಅವನು, ಎಷ್ಟು ತಿಕ್ಕಿ ತೊಳೆದರೂ ಕಿವಿಯ ಮಡಿಕೆಯಲ್ಲಿ ಮರದ ಪುಡಿ ಉಳಿಯುತ್ತಿತ್ತು.

"ಲೈವಲ್ಲಿ ನನ್ನ ಮಗಳ ಮುಖ ದೊಡ್ಡದಾಗಿ ಬರ್ಬೇಕು ಕಣಕ್ಕ. ಮೇಷ್ಟ್ರ ಬೋಳುತಲೆ ತೋರಿಸ್ತಾ ಕೂತೀಯ ಮತ್ತೆ."

"ಬುಧವಾರ ಇವಳನ್ನ ಕಳಿಸ್ಬೇಡ."

"ಶುರುವಾಯ್ತು ನಿಂದು. ಎಂಟು ತಿಂಗಳ ಹಿಂದೆ ಇವಳನ್ನ ಡೋಲಿಗೆ ಸೇರಿಸಿದಾಗಿಂದ ಬೇಡ ಬೇಡ ಅಂತೀಯ, ಯಾಕೆ ಅಂದ್ರೆ ಬಾಯಿಗೆ ಬೀಗ. ನೀನು ಅರ್ಧಕ್ಕೆ ಬಿಟ್ಟೆ ಅಂತ ಇವಳೂ ಬಿಡ್ಬೇಕಾ? ಹೊಟ್ಟೆಕಿಚ್ಚು ಪಡೋ ವಯಸ್ಸೇನೇ ನಿಂದು?"

ಅವಳು ಹೆಡ್‌ಫೋನನ್ನು ತಲೆಗೆ ಸಿಕ್ಕಿಸಿಕೊಂಡಳು.

ಮೂರು ಗಂಟೆಗೆ ಸಭಾಂಗಣ ತುಂಬಿತು. ಮನೆಗಳಲ್ಲಿ ಕೂತು ನೋಡುತ್ತಿದ್ದವರ ಸಂಖ್ಯೆ ಪರದೆಯ ಮೂಲೆಯಲ್ಲಿ ಎಂಟುನೂರು ದಾಟಿತು. ಮುಂದೆ ಎದೆಯೆತ್ತರದ ದೊಡ್ಡ ಡೋಲು, ಅದರ ಹಿಂದೆ ಮೇಷ್ಟ್ರು, ಅವರ ಮಗ್ಗುಲಿಗೆ ಬೆಂಚಿನ ಮೇಲೆ ತಮ್ಮ ತಮ್ಮ ಸಣ್ಣ ಡೋಲುಗಳೊಂದಿಗೆ ಆರು ಮಕ್ಕಳು. ಸಭೆಯಲ್ಲಿ ಕೂತವರಿಗೆ ಮಕ್ಕಳ ತಲೆಗಳಷ್ಟೇ ಕಾಣುತ್ತಿದ್ದವು. ಡೋಲಿನ ಮರೆಯಲ್ಲಿ ಏನು ನಡೆಯುತ್ತದೆಂಬುದು ಪಕ್ಕದ ಕ್ಯಾಮೆರಾಕ್ಕೆ ಗೊತ್ತಿತ್ತು, ಮತ್ತೆ ಅವಳಿಗೆ.

ಅದಕ್ಕೇ ಆ ಸನ್ನೆ. ಮೇಷ್ಟ್ರು ಎಡಗೈಯ ಎರಡು ಬೆರಳನ್ನು ಎದೆಗೆ ಮುಟ್ಟಿಸಿದರೆ ಬೆಂಚಿನ ಮೈಕು ಮುಚ್ಚಬೇಕು, ಚಿತ್ರವನ್ನು ಸಭೆಯ ಕಡೆಯ ಕ್ಯಾಮೆರಾಕ್ಕೆ ತಿರುಗಿಸಬೇಕು. ಐದಾರು ಕ್ಷಣ, ಅಷ್ಟೇ. ಐದು ವರ್ಷದ ಹಿಂದೆ, ಮೊದಲ ನೇರಪ್ರಸಾರದ ದಿನ, ಅವರು ಮೊದಲ ಸಲ ಹಾಗೆ ಮಾಡಿದಾಗ ಯಾರೂ ಅವಳಿಗೆ ಅರ್ಥ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೇ ಬಿದ್ದಿರಲಿಲ್ಲ.

ಕಲ್ಲು ಒಡೆಯುವವರ ಹಾಡಿನಲ್ಲಿ ಪೆಟ್ಟು ಇಮ್ಮಡಿಯಾಗುವ ಕಡೆ ಕಡ್ಡಿಯ ಊದಿದ ಕೈ ಹಿಂದೆ ಬಿತ್ತು. ಒಂದು ಪೆಟ್ಟು, ಆಮೇಲೆ ಇನ್ನೊಂದು. ಎರಡು ಬೆರಳು ಎದೆಗೆ ಹೋದವು.

ಇವತ್ತು ಮುಚ್ಚುವುದಿಲ್ಲ ಎಂದು ಅವಳು ಬೆಳಗಿನಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಅವಳು ಹೇಳಿದ್ದು ಕೈಗೆ ಕೇಳಿಸಿರಲಿಲ್ಲ. ಐದು ವರ್ಷದ ಅಭ್ಯಾಸದ ಕೈ ತಾನಾಗಿಯೇ ಗುಂಡಿಯನ್ನು ಕೆಳಗೆಳೆಯಿತು, ತಾನಾಗಿಯೇ ಚಿತ್ರ ಬದಲಿಸಿತು. ಎಂಟುನೂರು ಮನೆಗಳಲ್ಲಿ ತಲೆದೂಗುವ ಮುದುಕನೊಬ್ಬ, ಅಮ್ಮನ ತೊಡೆಯ ಮೇಲೆ ಚಪ್ಪಾಳೆ ತಟ್ಟುವ ಕೂಸು ಕಾಣಿಸಿದರು. ಅವಳಿಗೆ ಡೋಲಿನ ಮರೆ ಕಾಣಿಸಿತು. ಮೇಷ್ಟ್ರು ಬಲಗೈಯಲ್ಲಿ ತಾಳ ತಪ್ಪದೆ ಬಾರಿಸುತ್ತಲೇ ಎಡಗೈಯ ಕೋಲನ್ನು ತಿರುಗಿಸಿ, ದಪ್ಪನೆಯ ಹಿಡಿಯಿಂದ ಕಡ್ಡಿಯ ಗೆಣ್ಣುಗಳ ಮೇಲೆ ಗುದ್ದಿದರು. ಮತ್ತೆ ಅಲ್ಲೇ. ಮೂರನೆಯದಕ್ಕೆ ಹುಡುಗಿಯ ಬಾಯಿ ತೆರೆಯಿತು. ಹೆಡ್‌ಫೋನಿನಲ್ಲಿ ಏನೂ ಕೇಳಿಸಲಿಲ್ಲ. ಕೇಳಿಸದಂತೆ ಮಾಡಿದ್ದು ಅವಳೇ.

ಮತ್ತೆ ಮೈಕು ತೆರೆದಾಗ ಕಡ್ಡಿ ಬಾರಿಸುತ್ತಿದ್ದಳು. ಅವಳ ಡೋಲಿನ ಚರ್ಮದ ಮೇಲೆ ಕೆಂಪು ಚುಕ್ಕೆಗಳು ಒಂದೊಂದು ಪೆಟ್ಟಿಗೂ ಹೆಚ್ಚುತ್ತಿದ್ದವು. ನೇರಪ್ರಸಾರದ ಕೆಳಗೆ ಯಾರೋ "ಮಕ್ಕಳ ಶಿಸ್ತು ನೋಡಿ!" ಎಂದು ಬರೆದಿದ್ದರು.

ಕಛೇರಿ ಮುಗಿಯಿತು. ತಮ್ಮ ಸಭೆಯಲ್ಲಿ ಸಿಕ್ಕವರ ಕೈ ಕುಲುಕುತ್ತ ನಿಂತಿದ್ದ. ಅವಳು ಮೈಕುಗಳನ್ನು ಕಿತ್ತು, ದಪ್ಪ ವೈರನ್ನು ಮೊಣಕೈಗೆ ಸುತ್ತಿಕೊಳ್ಳುತ್ತ ಪರದೆಯ ಹಿಂದಿನ ಕೋಣೆಗೆ ಹೋದಳು. ಅಲ್ಲಿ ಮೇಷ್ಟ್ರು ಕಡ್ಡಿಯ ಜಡೆಯನ್ನು ಮುಷ್ಟಿಗೆ ಸುತ್ತಿ ಅವಳ ಮುಖವನ್ನು ಮೇಲೆತ್ತಿದ್ದರು.

"ಸಾವಿರ ಜನದ ಮುಂದೆ ನನ್ನ ಮರ್ಯಾದೆ ತೆಗೀತೀಯಾ? ಬುಧವಾರ ವ್ಯಾನು ಹತ್ತು, ಅಲ್ಲಿ ನಿಂಗೆ ತಾಳ ಅಂದ್ರೇನು ಅಂತ ಕಲಿಸ್ತೀನಿ."

ಆಮೇಲೆ ಅಂಗೈಯನ್ನು ಬಟ್ಟಲಿನಂತೆ ಬಗ್ಗಿಸಿಕೊಂಡರು.

ಆ ಬಟ್ಟಲನ್ನು ಅವಳು ಬಲ್ಲಳು. ಹತ್ತೊಂಬತ್ತರ ವಯಸ್ಸಿನಲ್ಲಿ, ಇದೇ ಕೋಣೆಯಲ್ಲಿ, ಒಂದು ಪೆಟ್ಟು ತಪ್ಪಿದ್ದಕ್ಕೆ ಅದು ಅವಳ ಎಡಗಿವಿಯ ಮೇಲೆ ಬಿದ್ದಿತ್ತು. ಒಳಗೆ ಏನೋ ಹರಿದಂತಾಗಿ, ಬಿಸಿಯಾಗಿ ಕತ್ತಿನವರೆಗೂ ಇಳಿದಿತ್ತು. ಅಂದಿನಿಂದ ಆ ಕಡೆಯ ಲೋಕ ಬಾಯಿ ಬಿಟ್ಟಿರಲಿಲ್ಲ.

ಅವರು ಕೈ ಬೀಸುವ ಮೊದಲೇ ಅವಳು ಬೀಸಿದಳು. ವೈರಿನ ಸುರುಳಿ ಮೇಷ್ಟ್ರ ಮುಖಕ್ಕೆ ಅಡ್ಡವಾಗಿ ಬಡಿಯಿತು. ತುದಿಯ ಕಬ್ಬಿಣದ ಪ್ಲಗ್ಗು ಹುಬ್ಬನ್ನು ಸೀಳಿತು. ಅವರು ಜಡೆ ಬಿಟ್ಟು ಗೋಡೆಗೆ ಒರಗಿದರು. ಅವಳು ಮತ್ತೆ ಬೀಸಿದಳು, ಹೆಗಲಿಗೆ. ಮತ್ತೆ, ಮುಖಕ್ಕೆ ಅಡ್ಡ ತಂದ ಅದೇ ಕೈಗೆ. ಮೂಳೆ ಲಟಕ್ಕೆಂದದ್ದು ಅವಳ ಬಲಗಿವಿಗೆ ಸ್ಪಷ್ಟವಾಗಿ ಕೇಳಿಸಿತು. ನಿಲ್ಲಿಸಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಅನ್ನಿಸಲಿಲ್ಲವೆಂಬುದು ಆಮೇಲೆ ಅವಳನ್ನು ಬಹಳ ಹೊತ್ತು ಹೆದರಿಸಿತು.

ಬಾಗಿಲು ತೆರೆದದ್ದು ಆಗ. ಒಳಗೆ ನುಗ್ಗಿದವರಿಗೆ ಕಂಡದ್ದು ಇಷ್ಟೇ: ಅರವತ್ತಾರು ವರ್ಷದ ಹಿರಿಯರ ಮುಖದ ತುಂಬ ರಕ್ತ, ಮೈಕಕ್ಕನ ಕೈಯಲ್ಲಿ ವೈರು. ಇಬ್ಬರು ಹಾಡುಗಾರರು ಅವಳನ್ನು ನೆಲಕ್ಕೆ ಕೆಡವಿ ತೋಳನ್ನು ಬೆನ್ನಿಗೆ ತಿರುಚಿದರು. ಒಬ್ಬನ ಮಂಡಿ ಅವಳ ಕತ್ತಿನ ಮೇಲೆ ಕೂತಿತು. ಇನ್ನೊಬ್ಬ ಪಕ್ಕೆಗೆ ಒದ್ದ. ಒದ್ದವನು ಯಾರೆಂದು ಕಾಣಲಿಲ್ಲ, ಅವನ ಬೂಟು ಹೊಸದು ಎಂಬುದು ಮಾತ್ರ ಕಂಡಿತು.

"ಅಕ್ಕಾ! ಹುಚ್ಚು ಹಿಡೀತೇನೇ ನಿಂಗೆ?" ತಮ್ಮ ಅವರನ್ನು ತಳ್ಳಿಕೊಂಡು ಬಂದ. ಅವಳನ್ನು ಎಬ್ಬಿಸಲಿಲ್ಲ. ಮೇಷ್ಟ್ರ ಹತ್ತಿರ ಹೋಗಿ ತನ್ನ ಇಸ್ತ್ರಿ ಅಂಗಿಯ ತುದಿಯಿಂದ ಅವರ ಹುಬ್ಬನ್ನು ಒತ್ತಿ ಹಿಡಿದ.

ಕಛೇರಿಗಳನ್ನು ಏರ್ಪಡಿಸಿದ್ದ ಸಂಘದ ಕಾರ್ಯದರ್ಶಿ ತಮ್ಮದೇ ಕೋಣೆಯಲ್ಲಿ ಅವಳನ್ನು ಕೂರಿಸಿ, ನೀರು ಕೊಟ್ಟು, ಅವಳು ಕುಡಿಯುವವರೆಗೂ ಕಾದರು. ಕೆಟ್ಟ ಹೆಂಗಸಲ್ಲ.

"ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಪೊಲೀಸು ಬೇಡ ಅಂದಿದ್ದಾರೆ. ನೀವು ಕ್ಷಮೆ ಕೇಳಿ ಒಂದು ಪತ್ರ ಬರೀರಿ. ಅಂಚೆಯಲ್ಲೇ ಕಳಿಸಿ. ಅಂಚೆಯಲ್ಲಿ ಬಂದದ್ದನ್ನ ಸದಸ್ಯರ ಸಭೆಯಲ್ಲಿ ಜೋರಾಗಿ ಓದಲೇಬೇಕು ಅಂತ ನಮ್ಮಲ್ಲಿ ನಿಯಮ ಇದೆ. ಮಂಗಳವಾರ ಸಂಜೆ ಸಭೆ. ಓದಿದ್ದೇ ಆಯ್ತು, ಉಳಿದ ನಾಲ್ಕು ಕಛೇರಿಗೂ ಮೈಕು ನಿಮ್ಮದೇ."

"ಅವರು ಮಗೂಗೆ ಹೊಡೆದ್ರು ಮೇಡಂ."

"ಯಾರು ನೋಡಿದ್ರು? ರೆಕಾರ್ಡಿಂಗ್ ನಾನು ಪೂರ್ತಿ ನೋಡ್ದೆ. ಎಲ್ಲೂ ಇಲ್ವಲ್ಲ."

ಇರುವುದಿಲ್ಲ. ಅವಳಷ್ಟು ನಾಜೂಕಾಗಿ ಆ ಕೆಲಸ ಮಾಡುವವರು ಆ ಊರಿನಲ್ಲೇ ಇರಲಿಲ್ಲ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ತಮ್ಮ ಅಟ್ಟದ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ಕಡ್ಡಿ ಕೈಯನ್ನು ನೀರಿನ ಬೋಗುಣಿಯಲ್ಲಿ ಅದ್ದಿಕೊಂಡು ಅವನ ಕೆಳಗಿನ ಮೆಟ್ಟಿಲಲ್ಲಿದ್ದಳು.

"ಬಾಗಿಲು ಅಂತಾಳೆ" ಎಂದ ತಮ್ಮ. "ಬಾಗಿಲಿಗೆ ಸಿಕ್ಕಿದ ಕೈಯಂತೆ. ಅದೂ ಎರಡೆರಡು ಸಲ."

"ನಾನೂ ಮೆಟ್ಟಿಲು ಅಂದಿದ್ದೆ."

ಅವನು ತಲೆಯೆತ್ತಿದ.

"ನಾನು ಯಾವತ್ತೂ ಮೆಟ್ಟಿಲಿಂದ ಬಿದ್ದಿಲ್ಲ ಕಣೋ. ಅವನು ಹೊಡೆದದ್ದು. ಇವತ್ತು ಇವಳಿಗೆ ಕೈ ಎತ್ತಿದ್ನಲ್ಲ, ಹಾಗೇನೇ."

ತಮ್ಮನ ಕೈ ಮೆಟ್ಟಿಲ ಪಕ್ಕದ ಮರದ ಕಟಕಟೆಯ ಮೇಲಿತ್ತು. ಅಕ್ಕ ಬಿದ್ದಳೆಂದು, ಇನ್ನೊಮ್ಮೆ ಬೀಳಬಾರದೆಂದು, ಹದಿನಾರನೆಯ ವಯಸ್ಸಿನಲ್ಲಿ ಅವನು ತಾನೊಬ್ಬನೇ ಮಾಡಿದ ಮೊದಲ ಮರಗೆಲಸ ಅದು. ವರ್ಷಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದ. ಎದ್ದು ಹೋಗಿ ಹಾರೆ ತಂದ. ಮೊದಲ ಮೊಳೆ ಕಿರುಗುಟ್ಟುತ್ತ ಬಂತು, ಎರಡನೆಯದು ಗೋಡೆಯ ಗಾರೆಯನ್ನೇ ಕಿತ್ತುಕೊಂಡು ಬಂತು. ಉಳಿದದ್ದನ್ನು ಅವನು ಮೀಟಲಿಲ್ಲ, ಚಚ್ಚಿದ. ಮರ ಸೀಳಿ, ಸಿಬರುಗಳು ಹಾರಿ, ಒಂದು ಅವನ ಕೆನ್ನೆಗೇ ಚುಚ್ಚಿತು. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿ ಮುಚ್ಚಿಕೊಂಡರು. ಕಡೆಗೆ ಹಾರೆ ಬಿಸಾಕಿ, ಏದುಸಿರು ಬಿಡುತ್ತ "ಕೊಂದು ಹಾಕ್ತೀನಿ ಅವನನ್ನ" ಎಂದ.

"ಇವತ್ತು ನಾನೇ ಕೊಲ್ಲೋದ್ರಲ್ಲಿದ್ದೆ. ಏನು ಬಂತು? ಅವನಿಗೆ ಪಟ್ಟಿ ಕಟ್ಟಿ ಮನೆಗೆ ಬಿಟ್ಟು ಬಂದ್ರು. ಕೈಗೆ ಪಟ್ಟಿ ಇದ್ರೂ ಬುಧವಾರ ಹೊರಡ್ತಾನಂತೆ."

"ನಾನು ಬಾರಿಸ್ಬೇಕು" ಎಂದಳು ಕಡ್ಡಿ. ಇಬ್ಬರೂ ತಿರುಗಿದರು. "ನನ್ನ ಮನೇಲಿ ಕೂರಿಸ್ಬೇಡಿ. ಉಳಿದೈದು ಜನ ಹೋಗ್ತಾರೆ, ನಾನೊಬ್ಳೇ ಇಲ್ಲಿ... ನಾನು ಏನು ತಪ್ಪು ಮಾಡ್ದೆ ಅತ್ತೆ?"

ಆ ಪ್ರಶ್ನೆಯನ್ನು ಅತ್ತೆ ತಾನೇ ಒಮ್ಮೆ ಬರೆದಿದ್ದಳು. ಕಿವಿ ಹೋದ ತಿಂಗಳಲ್ಲಿ, ಸಂಘದ ಸದಸ್ಯರ ಹೆಸರಿಗೆ, ನೋಟುಪುಸ್ತಕದ ಎರಡು ಹಾಳೆ. ಅಮ್ಮ ಅದನ್ನು ಕೈಯಿಂದ ಕಿತ್ತುಕೊಂಡಿದ್ದಳು: "ಇದನ್ನ ಕಳಿಸಿದ್ರೆ ಊರಲ್ಲಿ ನಿನ್ನನ್ನ ಯಾರು ಕೇಳ್ತಾರೆ, ನನ್ನನ್ನ ಯಾರು ಬಿಡ್ತಾರೆ?" ಹರಿದು ಹಾಕಿರಲಿಲ್ಲ. ಸಾಯುವ ವಾರ ದಿಂಬಿನ ಚೀಲದಿಂದ ತೆಗೆದು, "ತಗೋ, ನಿಂದು" ಎಂದು ಕೊಟ್ಟಿದ್ದಳು. ಆಗಲೂ ಅವಳು ಕಳಿಸಲಿಲ್ಲ. ಸಭಾಂಗಣದ ಬಾಡಿಗೆ ಕೆಲಸವೇ ಅವಳ ಅನ್ನವಾಗಿತ್ತು.

ಈಗ ಅದನ್ನು ಕಪಾಟಿನ ಬಟ್ಟೆಗಳ ಕೆಳಗಿಂದ ತೆಗೆದು ಬಿಡಿಸಿದಳು. ಮಡಿಕೆಗಳಲ್ಲಿ ಶಾಯಿ ಮಾಸಿತ್ತು. "ಮಾನ್ಯರೇ, ನಾನು ಮೆಟ್ಟಿಲಿಂದ ಬಿದ್ದಿಲ್ಲ" ಎಂದು ಶುರುವಾಗುತ್ತಿತ್ತು. ಏಟು ಬಿದ್ದ ದಿನ, ಹೊತ್ತು, ಕೋಣೆ, ಪಕ್ಕದಲ್ಲಿದ್ದ ಮಕ್ಕಳು, ಎಲ್ಲ ಇತ್ತು. ಒಂದಕ್ಷರವನ್ನೂ ತಿದ್ದಬೇಕೆನಿಸಲಿಲ್ಲ. ಕೆಳಗೆ ಉಳಿದ ಜಾಗದಲ್ಲಿ, ನಿಧಾನವಾಗಿ ಬರೆದಳು: "ಇದನ್ನು ಬರೆದು ಇಪ್ಪತ್ತಮೂರು ವರ್ಷವಾಯಿತು. ಈ ಭಾನುವಾರವೂ ಹೊಡೆದಿದ್ದಾರೆ. ನಿಮಗೆ ಯಾರಿಗೂ ಕಾಣಲಿಲ್ಲ. ಕಾಣದಂತೆ ಐದು ವರ್ಷದಿಂದ ಮೈಕು ಮುಚ್ಚಿದವಳು, ಚಿತ್ರ ತಿರುಗಿಸಿದವಳು ನಾನು. ಎಷ್ಟು ಸಲ ಎಂಬುದನ್ನೂ, ಯಾವ ಯಾವ ಮಕ್ಕಳಿಗೆ ಎಂಬುದನ್ನೂ ಹೇಳಬಲ್ಲೆ. ಸಭೆಗೆ ಕರೆಯಿರಿ."

"ಮೈಕಿನ ಕೆಲಸ ಹೋಗುತ್ತೆ ಅಕ್ಕ" ಎಂದ ತಮ್ಮ, ಹೆಗಲ ಮೇಲಿಂದ ಓದಿ.

"ಹೋಗುತ್ತೆ."

ಸೋಮವಾರ ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆಯುವ ಮೊದಲೇ ಮೂವರೂ ಹೋಗಿ ನಿಂತರು. ಗುಮಾಸ್ತ ಲಕೋಟೆಯನ್ನು ತೂಗಿ, ಇನ್ನೊಂದು ಚೀಟಿ ಅಂಟಿಸಬೇಕೆಂದ. ನಾಳೆ ಮಧ್ಯಾಹ್ನದೊಳಗೆ ತಲುಪುತ್ತದೆ ಎಂದ. ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಕಡ್ಡಿ ಎಡಗೈಯಲ್ಲೇ ಅಂಚೆಚೀಟಿ ಅಂಟಿಸಿದಳು. ಸ್ವಲ್ಪ ವಾರೆಯಾಯಿತು.

ಅತ್ತೆ ಲಕೋಟೆಯನ್ನು ಅಂಚೆಡಬ್ಬಿಯ ಬಾಯಿಗೆ ತೂರಿಸಿದಳು. ಬೆರಳುಗಳು ಬಿಡಲಿಲ್ಲ. ಹಿಂದೆ ನಿಂತಿದ್ದವನು ಸ್ವಲ್ಪ ಹೊತ್ತು ಕಾದ, ಕೆಮ್ಮಿದ.

"ಹಾಕ್ತೀರೋ, ಇಲ್ಲ ಡಬ್ಬಿ ಕೈಲೇ ಓದಿಸ್ತೀರೋ ಅಮ್ಮಾ? ನಂಗೆ ಬಸ್ಸಿಗೆ ಹೊತ್ತಾಯ್ತು."

ಅವನು ನಿಂತದ್ದು ಅವಳಿಗೆ ಕೇಳದ ಎಡಗಡೆ. ಕಡ್ಡಿ ಅತ್ತೆಯ ಸೆರಗು ಜಗ್ಗಿದಳು. ಅವಳು ಬೆರಳು ಸಡಿಲಿಸಿ ಪಕ್ಕಕ್ಕೆ ಸರಿದು ನಿಂತಳು. ಆ ಮನುಷ್ಯ ತನ್ನ ಕೈಯಲ್ಲಿದ್ದ ಎರಡು ಕಾಗದಗಳನ್ನು ಅದರ ಮೇಲೆ ಹಾಕಿ, ಬಸ್ಸಿನ ಕಡೆ ಓಡಿದ.