ತುದಿ ಕಾಣದ ಸ್ಕಾರ್ಫು

ಅಕ್ಷತ ಮೇಡಂ ಎಳೆದದ್ದು ಎರಡೇ ಬೆರಳಲ್ಲಿ. ಸಿಂಚನ ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕತ್ತಿನ ಹತ್ತಿರ ಗುಲಾಬಿಯ ಹಾಗೆ ಕಟ್ಟಿಕೊಂಡಿದ್ದ ಸ್ಕಾರ್ಫು ಸರ್ರನೆ ಬಿಚ್ಚಿ ಅವರ ಕೈಗೆ ಬಂತು.

"ನೋಡಿದ್ರಾ? ಇದೇ ಬೆಲ್ಟಿಗೆ ಸಿಕ್ಕಿದ್ರೆ ಕತ್ತೇ ಹೋಗ್ತಿತ್ತು. ನಾಳೆಯಿಂದ ಒಬ್ರೂ ಸ್ಕಾರ್ಫ್ ಹಾಕೋ ಹಂಗಿಲ್ಲ."

ಸೂಪರ್‌ವೈಸರ್ ಅಕ್ಷತರ ಮಾತಿನಲ್ಲಿ ಸುಳ್ಳಿರಲಿಲ್ಲ. ನೆಲಮಂಗಲದ ಆ ತರಕಾರಿ ಗೋದಾಮಿನಲ್ಲಿ ಹೋದ ವಾರವಷ್ಟೇ ಅರ್ಪಿತಳ ಸ್ಕಾರ್ಫಿನ ತುದಿ ಕ್ಯಾರೆಟ್ ಸಾಗಿಸುವ ಬೆಲ್ಟಿಗೆ ಸಿಕ್ಕಿ, ಅವಳು ಉಳಿದಿದ್ದೇ ಹೆಚ್ಚು. ಆದರೂ ವಾಣಿಶ್ರೀಯ ಕೈ ಕಿವಿಗೆ ಹೋಯಿತು. ಅವಳಿಗೆ ಎಡಗಿವಿಯ ಕಾಟ. ಡಿಸೆಂಬರಿನ ಗಾಳಿ ಸೋಕಿದರೆ ಸಾಕು, ಕಿವಿಯಿಂದ ದವಡೆಯವರೆಗೆ ಸಿಡಿತ. ಬೆಳಗ್ಗೆ ಐದೂವರೆಗೆ ತ್ಯಾಮಗೊಂಡ್ಲಿನಿಂದ ಬಸ್ಸು, ಇಳಿದರೆ ಈ ಕೋಲ್ಡ್ ರೂಮಿನ ಬಾಗಿಲು. ಕಿವಿ ಮುಚ್ಚದೆ ಇಲ್ಲಿ ನಿಲ್ಲುವುದು ಅವಳ ಕೈಲಾಗದ ಮಾತು. ಹದಿನಾಲ್ಕು ವರ್ಷ ಮನೆ, ಕಣ ಎಂದೇ ಕಳೆದ ಮೇಲೆ ಸಿಕ್ಕಿದ ಸ್ವಂತ ಕೆಲಸ ಇದು. ಒಂದು ತುಂಡು ಬಟ್ಟೆಗೋಸ್ಕರ ಬಿಟ್ಟು ಹೋಗಬೇಕೇ?

"ಮೇಡಂ, ತುದೀನೇ ನೇತಾಡದಂಗೆ ಕಟ್ಕೊಂಡ್ರೆ?"

"ತುದಿ ಇಲ್ದಿರೋ ಬಟ್ಟೆ ಎಲ್ಲಾದ್ರೂ ಇರುತ್ತಾ ವಾಣಿಶ್ರೀ?"

ಇರುತ್ತದೆ. ಅತ್ತೆ ಲಕ್ಕಮ್ಮ ರಾಗಿ ಒಕ್ಕುವ ಮಿಷನ್ನಿಗೆ ತೆನೆ ಕೊಡುವಾಗ ತಲೆಗೆ ಕಟ್ಟುತ್ತಿದ್ದುದು ಹಾಗೆಯೇ. "ಮಿಷನ್ ಬಾಯಿಗೆ ಬಟ್ಟೆ ತುದಿ ತೋರಿಸ್ಬಾರ್ದು ಕಣಮ್ಮಿ" ಎಂದು ಗದರಿ ಗದರಿ ಸೊಸೆಗೂ ಕಲಿಸಿದ್ದಳು. ಕೆಲಸಕ್ಕೆ ಸೇರಿದ ಮೊದಲ ದಿನ ವಾಣಿಶ್ರೀ ಹಾಗೇ ಕಟ್ಟಿಕೊಂಡು ಬಂದಿದ್ದಳು. "ಏನಕ್ಕಾ, ಕಣದಿಂದ ಸೀದಾ ಎದ್ದು ಬಂದ್ಬಿಟ್ಯಾ?" ಎಂದು ಇದೇ ಸಿಂಚನ ನಕ್ಕಿದ್ದೇ ನಕ್ಕಿದ್ದು! ನಾಚಿಕೆಯಾಗಿ ಮಾರನೇ ದಿನದಿಂದ ಅವಳೂ ಎಲ್ಲರಂತೆ ಹೆಗಲಿಗೆ ಇಳಿಬಿಟ್ಟಿದ್ದಳು. ಆ ನಾಚಿಕೆ ಈಗ ಕಿವಿ ಕಾಯುತ್ತದೆಯೇ?

ಸ್ಕಾರ್ಫನ್ನು ಕೊಡವಿ, ಓರೆಯಾಗಿ ಮಡಿಸಿ, ಹಣೆಯ ಮೇಲಿಟ್ಟು ಎರಡೂ ಕಿವಿ ಮುಚ್ಚಿದಳು. ತುದಿಗಳನ್ನು ಹಿಂದೆ ಕತ್ತಿನ ಬಳಿ ಅಡ್ಡಹಾಯಿಸಿ ಮುಂದಕ್ಕೆ ತಂದಳು. ಹಣೆಯ ಮೇಲೆ ಒಂದಕ್ಕೊಂದು ಹುರಿಯಾಗಿ ಹೊಸೆದು, ಮತ್ತೆ ಹಿಂದಕ್ಕೊಯ್ದು ಮಡಿಕೆಯೊಳಗೆ ತುರುಕಿದಳು. ಒಂದು ನಿಮಿಷವೂ ಹಿಡಿಯಲಿಲ್ಲ.

"ಎಳೀರಿ ಮೇಡಂ."

ಅಕ್ಷತ ಸುತ್ತ ಒಂದು ಸುತ್ತು ಬಂದರು. ಬೆರಳಿಗೆ ಏನೂ ಸಿಗಲಿಲ್ಲ. "ತಲೆ ಆಡ್ಸಿ ನೋಡೋಣ" ಎಂದರು. ವಾಣಿಶ್ರೀ ಮೈಮೇಲೆ ಮಾರಮ್ಮ ಬಂದವಳ ಹಾಗೆ ತಲೆ ಕೊಡವಿದಳು. ಒಂದು ಮಡಿಕೆಯೂ ಅಲುಗಲಿಲ್ಲ.

"ಏನ್ ಗುರು ಇದು!" ಎಂದು ಅರ್ಪಿತ ಶಿಳ್ಳೆ ಹಾಕಿಯೇಬಿಟ್ಟಳು.

ಅಕ್ಷತ ಮಾತ್ರ ನಗಲಿಲ್ಲ. "ನಿಮ್ಮೊಬ್ರಿಗೆ ಅಂತ ರೂಲ್ ಮಾಡಕ್ಕಾಗಲ್ಲ. ನಾಳೆ ಹನ್ನೆರಡು ಜನಾನೂ ಹಿಂಗೇ ಬರ್ಬೇಕು. ಒಬ್ರದು ಬಿಚ್ಚಿದ್ರೂ ಎಲ್ರಿಗೂ ಬಂದ್."

ಮಾರನೇ ಬೆಳಗ್ಗೆ ಗೋದಾಮಿನ ಗೇಟಿನ ಮುಂದೆ, ಇಬ್ಬನಿಯಲ್ಲಿ, ವಾಣಿಶ್ರೀ ಒಬ್ಬೊಬ್ಬರ ತಲೆಯನ್ನೂ ಹಿಡಿದು ಕಟ್ಟಿದಳು. ಕೊನೆಗೆ ಸಿಂಚನ ಬಂದು ನಿಂತಳು.

"ಆ ಹುರಿ ಒಂಚೂರು ಓರೆಗಿರ್ಲಿ ಅಕ್ಕ, ಹುಬ್ಬಿನ ಮೇಲೆ. ಸಖತ್ತಾಗಿ ಕಾಣುತ್ತೆ."

"ಏ ಹೋಗೇ! ಕಣದಿಂದ ಎದ್ದು ಬಂದಂಗೆ ಕಾಣಲ್ವಾ?"

ಸಿಂಚನ ನಾಲಿಗೆ ಕಚ್ಚಿಕೊಂಡಳು. ವಾಣಿಶ್ರೀ ನಗುತ್ತಾ ಓರೆಗೇ ಕಟ್ಟಿದಳು. ನಿಜಕ್ಕೂ ಚೆಂದ ಕಂಡಿತು. ಸಿಂಚನಳ ಫೋನಿನಲ್ಲಿ ಮುಖ ನೋಡಿಕೊಂಡು ವಾಣಿಶ್ರೀ ತನ್ನದನ್ನೂ ಹಾಗೇ ಓರೆ ಮಾಡಿಕೊಂಡಳು.

ಅಕ್ಷತ ಹನ್ನೆರಡು ತಲೆಗಳನ್ನೂ ಬಿಡದೆ ಪರೀಕ್ಷಿಸಿದರು. ಹನ್ನೆರಡೂ ಗಟ್ಟಿ. "ಸರಿ, ಬೆಲ್ಟ್ ಆನ್ ಮಾಡಿ" ಎಂದರು. ಹೆಂಗಸರು ಹೋ ಎಂದು ಕೂಗಿದ ಸದ್ದಿಗೆ ಹೊರಗಿದ್ದ ಲಾರಿ ಡ್ರೈವರ್ ಇಣುಕಿ ನೋಡಿದ. ವಾಣಿಶ್ರೀಯ ಎಡಗಿವಿ ಬೆಚ್ಚಗಿತ್ತು.

ಕೋಲ್ಡ್ ರೂಮಿನ ಬಾಗಿಲು ತೆರೆದು ಗಾಳಿ ನುಗ್ಗಿತು. ಬಾಗಿಲ ಬಳಿ ನಿಂತಿದ್ದ ಅಕ್ಷತ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಆಮೇಲೆ ಬ್ಯಾಗಿನಿಂದ ನೀಲಿ ಮಫ್ಲರ್ ತೆಗೆದು ವಾಣಿಶ್ರೀಯ ಹತ್ತಿರ ಬಂದರು.

"ಅಕ್ಕಾ, ನಂಗೂ..."

"ಒಂಚೂರು ಬಗ್ಗಿ ಮೇಡಂ, ನನಗೆ ಎಟುಕಲ್ಲ."

ಅಕ್ಷತ ತಲೆ ಬಗ್ಗಿಸಿ ನಿಂತರು.