ಬೆಳೆದ ಮೇಲೆ ಸರಿಹೋಗುವ ಕನ್ನಡಕ

ನಾನು ಕನ್ನಡಕದ ಚೌಕಟ್ಟು. ಗಾಜು ನಾನಲ್ಲ. ಗಾಜುಗಳು ಬಾಡಿಗೆಯವರಿದ್ದ ಹಾಗೆ. ಬರುತ್ತವೆ, ಒಂದಷ್ಟು ಕಾಲ ಇರುತ್ತವೆ, ನಂಬರು ಬದಲಾದ ಕೂಡಲೇ ಹೇಳದೆ ಕೇಳದೆ ಹೋಗುತ್ತವೆ. ಆದರೂ ಜನ ಹೊಗಳುವುದು ಗಾಜನ್ನೇ. ಅವುಗಳ ಭಾರ ಹೊತ್ತು, ಕಿವಿ ಹಿಡಿದುಕೊಂಡು ಮೂಗಿನ ಮೇಲೆ ಕೂರುವ ನನ್ನನ್ನು ಕೇಳುವವರೇ ಇಲ್ಲ. ಈ ಸಿಟ್ಟು ನನಗೆ ಮೊದಲಿನಿಂದಲೂ ಇದೆ. ವಯಸ್ಸಾದ ಮೇಲೆ ಕಡಿಮೆಯಾದೀತು ಎಂದುಕೊಂಡಿದ್ದೆ, ಆಗಲಿಲ್ಲ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಕಂದು ಬಣ್ಣದ ಪ್ಲಾಸ್ಟಿಕ್ ಹಲಗೆಯಿಂದ ನನ್ನನ್ನು ಕತ್ತರಿಸಿ, ಎರಡು ಕಿಂಡಿ ಕೊರೆದು, ಉಜ್ಜಿ ಉಜ್ಜಿ ಹೊಳಪು ತಂದರು. ಕಿವಿಗೆ ಸಿಕ್ಕಿಸುವ ಎರಡು ಕಡ್ಡಿಗಳನ್ನು ಸಣ್ಣ ಸ್ಕ್ರೂ ಹಾಕಿ ಕೂಡಿಸಿದರು. ಬಲಗಡೆಯ ಕಡ್ಡಿಯ ಒಳಮೈಗೆ ನನ್ನ ಅಳತೆಯನ್ನು ಅಚ್ಚು ಹಾಕಿದರು. ಅದು ದೊಡ್ಡವರ ಮುಖದ ಅಳತೆ. ನನ್ನ ಮೂಗಿನ ಭಾಗ ಒಂದೇ ತುಂಡು, ಅದನ್ನು ಬಗ್ಗಿಸಿ ಕಿರಿದು ಮಾಡಲು ಬರುವುದಿಲ್ಲ. ಅಷ್ಟು ಸ್ಪಷ್ಟವಾಗಿ ಬರೆದಿದ್ದರೂ ನನ್ನನ್ನು ಕೊಂಡವರು ಅದನ್ನು ಓದಲಿಲ್ಲ.

ಅಲ್ಲಿಂದ ನಾನು ಬಂದದ್ದು ಗದಗಿಗೆ, ಬೆಟಗೇರಿಯ ಗೌಸುಸಾಬರ ಚಾಳೀಸಿನ ಅಂಗಡಿಗೆ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ಗೋಡೆಯ ತುಂಬ ನಾವು ತೂಗುಬಿದ್ದಿರುತ್ತಿದ್ದೆವು. ದೊಡ್ಡವರು ಬಂದರೆ ಕನ್ನಡಿಯ ಮುಂದೆ ನಿಂತು ಒಂದೊಂದೇ ಹಾಕಿ, ಕತ್ತು ಹೊರಳಿಸಿ, ತಮ್ಮ ಚೆಂದ ತಾವೇ ನೋಡಿಕೊಳ್ಳುತ್ತಿದ್ದರು. ಮಕ್ಕಳು ಬಂದರೆ ಅವರನ್ನು ಕೇಳುವವರಿಲ್ಲ, ಅಪ್ಪ ಅಮ್ಮ ಆರಿಸಿದ್ದೇ ಆಯಿತು.

ಒಂದು ಬೇಸಿಗೆಯಲ್ಲಿ ಹಾಗೆ ಬಂದವರು ಚನ್ನವೀರಪ್ಪ ಸಿಂಪಿಗೇರ. ಅದೇ ಓಣಿಯಲ್ಲಿ ಅವರದು ಹೊಲಿಗೆ ಅಂಗಡಿ. ಊರಿನ ಅರ್ಧ ಮಕ್ಕಳ ಶಾಲೆಯ ಯೂನಿಫಾರ್ಮು ಅವರ ಮಿಷಿನ್ನಿನಡಿಯಿಂದಲೇ ಬರುತ್ತಿತ್ತು. ಕೈ ಹಿಡಿದುಕೊಂಡು ಮಗಳು ದಾಕ್ಷಾಯಣಿ ಬಂದಿದ್ದಳು, ಆರು ವರ್ಷದವಳು, ಮನೆಯಲ್ಲಿ ದಾಕ್ಷಿ. ಶಾಲೆಯಲ್ಲಿ ಕಣ್ಣು ತಪಾಸಣೆ ಮಾಡಿದಾಗ ಆಕೆಯ ಎಡಗಣ್ಣು ಕಾಣುತ್ತಿಲ್ಲವೆಂದು ಗೊತ್ತಾಗಿತ್ತು. ಬಲಗಣ್ಣು ಚೆನ್ನಾಗಿದ್ದುದರಿಂದ ಮನೆಯವರಿಗೆ ಸಂಶಯವೇ ಬಂದಿರಲಿಲ್ಲ. ಎಡಗಣ್ಣು ಕೆಲಸವಿಲ್ಲದೆ ಸೋಮಾರಿಯಾಗಿದೆ, ದಪ್ಪ ಗಾಜು ಹಾಕಿ ಅದಕ್ಕೆ ನೋಡುವುದನ್ನು ಕಲಿಸಬೇಕು, ಎಂಟು ವರ್ಷದೊಳಗೆ ಕಲಿತರೆ ಒಳ್ಳೆಯದು, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆರು ತಿಂಗಳಿಗೆ ಮತ್ತೆ ಬಂದು ತೋರಿಸಿ ಎಂದೂ ಹೇಳಿದ್ದರು.

ಗೌಸುಸಾಬರು ಒಂದು ಪುಟ್ಟ ಚೌಕಟ್ಟನ್ನು ತೆಗೆದು ಹುಡುಗಿಯ ಮುಖಕ್ಕಿಟ್ಟರು. ಅದು ಸರಿಯಾಗಿ ಕೂತಿತು, ಕಣ್ಣು ಗಾಜಿನ ನಟ್ಟನಡುವೆ ಬಂತು. ಚನ್ನವೀರಪ್ಪ ಬೇಡವೆಂದು ತಲೆಯಾಡಿಸಿದರು. ಗೋಡೆಯ ಮೇಲಿದ್ದ ನನ್ನತ್ತ ಕೈ ತೋರಿಸಿದರು.

"ಇದು ನಿನ್ನ ಮುಖದ್ದು, ಚನ್ನವೀರಪ್ಪಾ. ಕೂಸಿನ ಮೂಗು ಇನ್ನೂ ಎದ್ದಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗತೈತಿ," ಎಂದರು ಗೌಸುಸಾಬರು.

"ಬೆಳಿಯೋ ಕೂಸು, ಸಾಬರ. ನಾ ಅಂಗಿ ಹೊಲಿಯುವಾಗೂ ಒಳಗ ಒಂದು ಮಡಿಕಿ ಬಿಟ್ಟ ಹೊಲೀತೀನಿ. ಈಗ ಜರಾ ದೊಡ್ಡದು ಕಂಡ್ರೂ ಮುಂದಕ್ಕ ಬರೋಬ್ಬರಿ ಆಗತೈತಿ."

ಅವರು ಜುಗ್ಗರಲ್ಲ. ಅಳತೆಗೆ ಬಿಗಿಯಾಗಿ ಹೊಲಿದುಕೊಟ್ಟರೆ ಮಕ್ಕಳ ಬೆಳವಣಿಗೆಗೆ ಕೇಡು ಬಯಸಿದ ಹಾಗೆ ಎಂದು ಅವರ ತಂದೆ ಹೇಳಿಕೊಟ್ಟಿದ್ದರಂತೆ. ಮಕ್ಕಳ ಲಂಗ ನೆಲ ಗುಡಿಸಬೇಕು, ಚಡ್ಡಿ ಮೊಣಕಾಲು ದಾಟಬೇಕು, ಅದೇ ಪ್ರೀತಿ. ಮಕ್ಕಳಿಗೆ ಗಾಜು ಬೇಡ, ಬಿದ್ದರೆ ಒಡೆದು ಕಣ್ಣಿಗೆ ಹೋಗುತ್ತದೆ, ಫೈಬರ್ ಹಾಕೋಣ ಎಂಬ ಗೌಸುಸಾಬರ ಒಂದು ಮಾತು ಮಾತ್ರ ನಡೆಯಿತು. ಹಾಗೆ ನಾನು ಮಗುವಿನ ಮುಖಕ್ಕೆ ಬಂದೆ.

ಮೊದಲ ದಿನವೇ ನನಗೆ ಗೊತ್ತಾಯಿತು. ಫೈಬರ್ ಆದರೂ ಎಡಗಡೆಯ ಗಾಜು ದಪ್ಪ, ಅದರ ಭಾರಕ್ಕೆ ನಾನು ಎಡಕ್ಕೆ ವಾಲುತ್ತಿದ್ದೆ. ಹಿಡಿದುಕೊಳ್ಳಲು ಆ ಪುಟ್ಟ ಮೂಗಿನಲ್ಲಿ ಜಾಗವೇ ಇರಲಿಲ್ಲ. ಜಾರಿ ಜಾರಿ ಮೂಗಿನ ತುದಿಗೆ ಬಂದು ನಿಲ್ಲುತ್ತಿದ್ದೆ. ದಾಕ್ಷಿ ನನ್ನ ಮೇಲಂಚಿನಿಂದ ಜಗತ್ತನ್ನು ನೋಡುತ್ತಿದ್ದಳು, ತನ್ನ ಒಳ್ಳೆಯ ಬಲಗಣ್ಣಿನಿಂದ. ಎಡಗಣ್ಣು ಮೊದಲಿನಂತೆ ಸುಮ್ಮನೆ ಕೂತಿತ್ತು. ಕಲಿಸಬೇಕಾದ ಗಾಜು ಕೆನ್ನೆಯ ಮೇಲೆ, ಕಲಿಯಬೇಕಾದ ಕಣ್ಣು ಎರಡು ಬೆರಳು ಮೇಲೆ.

ಚನ್ನವೀರಪ್ಪ ಎದುರಿಗೆ ಸಿಕ್ಕಾಗಲೆಲ್ಲ ತೋರುಬೆರಳಿನಿಂದ ನನ್ನನ್ನು ಮೇಲಕ್ಕೆ ದೂಡುತ್ತಿದ್ದರು. "ಚಾಳೀಸು ಏರಿಸ್ಕೋ, ಅವ್ವಾ" ಎನ್ನುತ್ತಿದ್ದರು. ಆಕೆ ಎರಡು ಹೆಜ್ಜೆ ನಡೆಯುವುದರೊಳಗೆ ನಾನು ಮತ್ತೆ ಕೆಳಗೆ. ಒಂದು ದಿನ ನನ್ನ ಕಡ್ಡಿಗಳಿಗೆ ಎಲಾಸ್ಟಿಕ್ ಹೊಲಿದು ತಲೆಯ ಹಿಂದೆ ಬಿಗಿದರು. ಕಿವಿಯ ಹಿಂದೆ ಕೆಂಪು ಬರೆ ಎದ್ದಿತು, ಶಾಲೆಯಲ್ಲಿ ಹುಡುಗರು "ಅಜ್ಜಿ, ಅಜ್ಜಿ" ಎಂದು ಕಾಡಿದರು. ದಾಕ್ಷಿ ಅಳುತ್ತಾ ಬಂದು ಎಲಾಸ್ಟಿಕ್ಕನ್ನು ಕಿತ್ತೊಗೆದಳು. ಶಾಲೆಯಲ್ಲಿ ನಾನು ಹೆಚ್ಚಾಗಿ ಆಕೆಯ ಪಾಟಿಚೀಲದಲ್ಲೇ ಇರತೊಡಗಿದೆ.

ಮನೆಯವರಿಗೆ ಮಾತ್ರ ನೆಮ್ಮದಿ. ಚಾಳೀಸು ತಂದಾಯಿತು, ಹುಡುಗಿ ಹಾಕಿಕೊಳ್ಳುತ್ತಾಳೆ, ಇನ್ನೇನು. ಆರು ತಿಂಗಳಿಗೆ ಹೋಗಬೇಕಾಗಿದ್ದಾಗ ಮದುವೆಗಳ ಹೊಲಿಗೆ ಬಂತು, ಆಮೇಲೆ ಯೂನಿಫಾರ್ಮಿನ ಗದ್ದಲ. ತಾಯಿ ನೀಲವ್ವ ನೆನಪಿಸಿದರೆ, "ಹೋಗೂಣು ತಗೋ, ಕಾಣಾಕತ್ತೈತೆಲ್ಲ ಆಕಿಗೆ" ಎನ್ನುತ್ತಿದ್ದರು ಚನ್ನವೀರಪ್ಪ. ಎಲ್ಲ ಬಲ್ಲವನು ನಾನೊಬ್ಬ, ಬಾಯಿಲ್ಲದವನೂ ನಾನೊಬ್ಬ. ನನಗೆ ಆ ದಿನಗಳಲ್ಲಿ ಇದ್ದದ್ದು ಸಿಟ್ಟಲ್ಲ, ಭಯ.

ಚನ್ನವೀರಪ್ಪನವರಿಗೆ ನಲವತ್ತು ದಾಟಿತ್ತು, ಸೂಜಿಯ ಕಣ್ಣು ಮಸುಕಾಗುತ್ತಿತ್ತು. ದಾರ ಪೋಣಿಸಿಕೊಡುವುದು ದಾಕ್ಷಿಯ ಕೆಲಸ. ಶಾಲೆ ಬಿಟ್ಟು ಬಂದವಳು ಅಂಗಡಿಯ ಕಟ್ಟೆಯ ಮೇಲೆ ಕೂತು, ನಾಲಿಗೆಯಿಂದ ದಾರದ ತುದಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. "ನನ್ನ ಮಗಳ ಕಣ್ಣು ಹದ್ದಿನ ಕಣ್ಣು" ಎಂದು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಆ ಹದ್ದಿನ ಕಣ್ಣು ಒಂದೇ ಎಂಬುದು ಅವರಿಗೆ ಮರೆತೇ ಹೋಗಿತ್ತು.

ದಾಕ್ಷಿಗೆ ಎಂಟು ತುಂಬಿದ ಹೊತ್ತಿಗೆ ಬಲಗಣ್ಣಿನ ರೆಪ್ಪೆಯ ಮೇಲೆ ಒಂದು ಕುರು ಎದ್ದು, ಊದಿ, ಕಣ್ಣು ಮುಚ್ಚಿಹೋಯಿತು. ಅದೇನು ದೊಡ್ಡದಲ್ಲ, ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದು ನೀಲವ್ವ ಬಿಸಿ ಶಾಖ ಕೊಟ್ಟಳು. ಸಂಜೆ ಎಂದಿನಂತೆ ಚನ್ನವೀರಪ್ಪ ಸೂಜಿಯನ್ನು ಮುಂದಕ್ಕೆ ಹಿಡಿದರು. ದಾಕ್ಷಿ ದಾರ ಹಿಡಿದು ಕೈ ಚಾಚಿದಳು. ದಾರ ಗಾಳಿಯಲ್ಲಿ ಅತ್ತ ಹೋಯಿತು, ಇತ್ತ ಹೋಯಿತು.

"ಅಪ್ಪಾ, ಸೂಜಿ ಎಲ್ಲೈತಿ?"

ಅವರು ತಮಾಷೆ ಎಂದುಕೊಂಡು ನಕ್ಕರು. "ನಿನ್ನ ಮೂಗಿನ ಮುಂದ ಐತೆಲ್ಲವ್ವಾ" ಎಂದರು. ಆಕೆ ಸೂಜಿ ಹಿಡಿದ ಅವರ ಕೈಯನ್ನು ತಡವಿ ತಡವಿ ಹುಡುಕಿದಳು. ನಾನು ಮೂಗಿನ ತುದಿಯಲ್ಲಿ ಕೂತಿದ್ದೆ. ನನ್ನ ಮೇಲಿನಿಂದ ಆ ಎಡಗಣ್ಣು ಅಗಲವಾಗಿ ತೆರೆದು ಏನನ್ನೂ ಹಿಡಿಯದೆ ಅಲೆಯುತ್ತಿತ್ತು. ಚನ್ನವೀರಪ್ಪ ನನ್ನನ್ನು ದೂಡಿ ಕಣ್ಣಿಗೆ ಒತ್ತಿ ಹಿಡಿದು, "ಈಗ?" ಎಂದರು. "ಈಗೂ ಮಬ್ಬು" ಎಂದಳು. ಅವರ ನಗು ಅಲ್ಲಿಗೆ ನಿಂತಿತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ದಾಕ್ಷಿಯ ಮುಖಕ್ಕೆ ಹಾಕಿ, ಆಕೆಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರು. ನಾನು ಜಾರಿದೆ. ಅವರು ನನ್ನನ್ನು ತೆಗೆದು ಕಡ್ಡಿಯ ಒಳಮೈಯನ್ನು ಬೆಳಕಿಗೆ ಹಿಡಿದರು. ನನ್ನ ಜೀವನದಲ್ಲಿ ಆ ಅಚ್ಚನ್ನು ಓದಿದ ಮೊದಲಿಗರು ಅವರು.

"ಇದು ಯಾರ ಚಾಳೀಸ್ರಿ?"

"ಆಕಿದರಿ," ಎಂದರು ಚನ್ನವೀರಪ್ಪ.

"ಇದು ದೊಡ್ಡವರ ಸೈಜು. ಕಣ್ಣು ಗಾಜಿನ ನಡುವೆ ಬಂದೇ ಇಲ್ಲ. ಎರಡು ವರ್ಷ ಹಾಕಿದ್ರೂ ಹಾಕದ ಹಾಗೇ ಆಗೇತಿ."

ಬೈಗುಳದ ದನಿ ಇರಲಿಲ್ಲ ಅದರಲ್ಲಿ. ಬೈದಿದ್ದರೆ ಚನ್ನವೀರಪ್ಪನವರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಇನ್ನೂ ಪೂರ್ತಿ ಕೈಮೀರಿಲ್ಲ, ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಕೆಲಸ ಕೊಡೋಣ, ಬಂದಷ್ಟು ಬರಲಿ, ಪೂರ್ತಿ ಬರುತ್ತದೆಂದು ಹೇಳಲಾರೆ ಎಂದರು ಡಾಕ್ಟರಮ್ಮ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು.

ಮನೆಗೆ ಬಂದ ಚನ್ನವೀರಪ್ಪ ಅಂಗಿ ಕಳಚದೆ ಗೋಡೆಗೊರಗಿ ಕೂತರು. "ಹುಟ್ಟಿದಾಗಿಂದ ಟೇಪು ಕೊಳ್ಳಾಗ ಹಾಕ್ಕೊಂಡು ತಿರಗೇನಿ, ನೀಲಾ. ಊರ ಮಂದೀದೆಲ್ಲಾ ಅಳತಿ ತಗೊಂಡೆ. ನನ್ನ ಮಗಳ ಮಾರೀದು ತಗೊಳ್ಳಲಿಲ್ಲ," ಎಂದರು ಮಗಳ ಮುಖ ನೋಡುತ್ತಾ. ನೀಲವ್ವ ಚಹಾ ತಂದಿಟ್ಟಳು. ಅದು ಆರಿಹೋಯಿತು.

ದಾಕ್ಷಿಗೆ ಕಿವಿಗೆ ಸುತ್ತಿ ಹಿಡಿಯುವ ಪುಟ್ಟ ಚೌಕಟ್ಟು ಬಂತು. ನನ್ನನ್ನು ಎಸೆಯಲು ಹೊರಟವರನ್ನು ನೀಲವ್ವ ತಡೆದಳು. "ನಿಮಗೂ ಸೂಜಿ ಕಾಣವೊಲ್ದು. ನಿಮ್ಮ ಅಳತೀದ ಐತೆಲ್ಲ, ನೀವ ಹಾಕ್ಕೊಳ್ರಿ," ಎಂದಳು. ಅವಳು ಚುಚ್ಚಿ ಹೇಳಿದ್ದಲ್ಲ, ಅವರಿಗೆ ಚುಚ್ಚಿತು. ಹತ್ತಿರ ನೋಡುವ ಗಾಜು ಹಾಕಿಸಿಕೊಂಡು ನನ್ನನ್ನು ಮೂಗಿಗೇರಿಸಿಕೊಂಡರು. ಎಷ್ಟು ಸರಿಯಾಗಿ ಕೂತೆನೆಂದರೆ ನನಗೇ ನಾಚಿಕೆಯಾಯಿತು.

ಅವರ ಮೂಗಿನ ಮೇಲಿಂದ ನಾನು ಮುಂದಿನದನ್ನೆಲ್ಲ ನೋಡಿದೆ. ದಿನವೂ ಶಾಲೆ ಬಿಟ್ಟ ಮೇಲೆ ದಾಕ್ಷಿಯ ಬಲಗಣ್ಣಿಗೆ ಪಟ್ಟಿ. ಮೆತ್ತಗಿನ ಬಟ್ಟೆಯಲ್ಲಿ ಅಪ್ಪನೇ ಹೊಲಿದದ್ದು, ಕೂದಲೆಳೆಯಷ್ಟೂ ಹೆಚ್ಚು ಬಿಡದೆ. ಪಟ್ಟಿ ಕಟ್ಟಿದರೆ ಆಕೆಗೆ ಲೋಕವೇ ಮಬ್ಬು, ಬಾಗಿಲಿಗೆ ಬಡಿದುಕೊಂಡು ಅಳುತ್ತಿದ್ದಳು. ಮೊದಲು ಚೀಲ ಹೊಲಿಯುವ ದಬ್ಬಣ ಕೊಟ್ಟರು. ಅದರ ಕಣ್ಣಿಗೆ ಹುರಿ ಪೋಣಿಸುವುದಕ್ಕೇ ತಿಂಗಳುಗಳು ಹಿಡಿದವು. ಪೋಣಿಸಿದ ದಿನ ಓಣಿಗೆಲ್ಲ ಪೇಡೆ ಹಂಚಿದರು. ಆಮೇಲೆ ದೊಡ್ಡ ಸೂಜಿ. ಅದೂ ಬಂತು, ಕಷ್ಟಪಟ್ಟು. ಹೊಲಿಗೆಯ ಸಣ್ಣ ಸೂಜಿ ಮಾತ್ರ ಆ ಕಣ್ಣಿಗೆ ಸಿಗಲೇ ಇಲ್ಲ. ಕೆಲವು ವರ್ಷಗಳ ನಂತರ ಡಾಕ್ಟರಮ್ಮ, ಇಷ್ಟಕ್ಕೇ ನಿಂತಿದೆ, ಇನ್ನು ಮಗುವನ್ನು ಕಾಡಬೇಡಿ ಎಂದರು.

ಬದುಕೇನೂ ನಿಲ್ಲಲಿಲ್ಲ. ದಾಕ್ಷಿ ಓದಿದಳು, ಅಪ್ಪನ ಪಕ್ಕದಲ್ಲೇ ಮಿಷಿನ್ನು ಹಾಕಿಕೊಂಡು ರವಿಕೆ ಹೊಲಿಯತೊಡಗಿದಳು. ಬಲಗಣ್ಣೇ ಎರಡರ ಕೆಲಸ ಮಾಡುತ್ತದೆ. ಆಕೆ ಕತ್ತರಿ ಎತ್ತಿದರೆ ಸಾಕು, ಚನ್ನವೀರಪ್ಪನವರ ಕಾಲು ಪೆಡಲಿನ ಮೇಲೆ ನಿಲ್ಲುತ್ತದೆ. "ಬಲಗಣ್ಣು ಜ್ವಾಕಿ, ಅವ್ವಾ" ಎನ್ನುತ್ತಾರೆ. ಮಕ್ಕಳ ಅಂಗಿಗೆ ಈಗಲೂ ಒಳಗೆ ಮಡಿಕೆ ಬಿಡುತ್ತಾರೆ. ಬಿಡುವಾಗ ಒಂದು ಗಳಿಗೆ ಕೈ ತಡೆಯುತ್ತದೆ, ಅದನ್ನು ನಾನು ಬಹಳ ಸಲ ನೋಡಿದ್ದೇನೆ.

ಅವರ ನಂಬರು ಬದಲಾದಾಗ ಬೇರೆ ಕನ್ನಡಕ ಬಂತು. ನಾನು ಮಿಷಿನ್ನಿನ ಡ್ರಾವರಿಗೆ ಹೋದೆ, ಗುಂಡಿ, ಸೀಮೆಸುಣ್ಣ, ತುಕ್ಕು ಹಿಡಿದ ಬಾಬಿನ್ನುಗಳ ಜೊತೆಗೆ. ಇಲ್ಲೇ ನನ್ನ ಮುಪ್ಪು ಎಂದುಕೊಂಡೆ. ಚೌಕಟ್ಟು ಎಷ್ಟು ವರ್ಷ ಬೇಕಾದರೂ ಕಾಯುತ್ತದೆ, ಅಂಗಿಯೂ ಕಾಯುತ್ತದೆ, ಮಡಿಕೆ ಬಿಚ್ಚಿದರೆ ಉದ್ದವಾಗುತ್ತದೆ. ಮಗುವಿನ ಕಣ್ಣು ಕಾಯುವುದಿಲ್ಲ. ಕತ್ತಲೆಯಲ್ಲಿ ಮಲಗಿ ನಾನು ಕಲಿತದ್ದು ಇಷ್ಟೇ, ಅದೂ ಯಾರಿಗೂ ಹೇಳಲಾಗದೆ.

ಮೊನ್ನೆ ಗುಂಡಿ ಹುಡುಕುತ್ತಾ ದಾಕ್ಷಿಯ ಕೈಗೆ ನಾನು ಸಿಕ್ಕೆ. ಇಂಥ ಕಂದು ದಪ್ಪ ಚೌಕಟ್ಟುಗಳೇ ಈಗ ಫ್ಯಾಷನ್ನಂತೆ. ಗೌಸುಸಾಬರ ಅಂಗಡಿಗೆ ಒಯ್ದು ತನ್ನ ನಂಬರಿನ ಗಾಜು ಹಾಕಿಸಿಕೊಂಡು, ನನ್ನನ್ನು ಧರಿಸಿಯೇ ಬಂದು ಅಪ್ಪನ ಮುಂದೆ ನಿಂತಳು.

"ನೋಡಪ್ಪಾ, ಬರೋಬ್ಬರಿ ಆತು."

ಚನ್ನವೀರಪ್ಪ ಮಿಷಿನ್ನು ನಿಲ್ಲಿಸಿ ನೋಡಿದರು. "ಬಲಗಣ್ಣು ಮುಚ್ಚಿ ನೋಡು. ನಾ ಕಾಣ್ತೀನಿ?" ಎಂದರು.

ಆಕೆ ಅಂಗೈಯಿಂದ ಬಲಗಣ್ಣು ಮುಚ್ಚಿದಳು. "ಕಾಣ್ತಿ, ಅಪ್ಪಾ. ಮಾರಿ ಅಷ್ಟ ತಿಳಿಯಂಗಿಲ್ಲ," ಎಂದಳು.

ಅವರು ಎದ್ದು ಹತ್ತಿರ ಬಂದರು. ಹಳೆಯ ರೂಢಿಯಂತೆ ತೋರುಬೆರಳು ಚಾಚಿ ನನ್ನನ್ನು ಮೇಲಕ್ಕೆ ದೂಡಲು ನೋಡಿದರು. ನಾನು ಜಾರಿರಲಿಲ್ಲ.